ಗೂಗಲ್ ಕ್ಯಾಲೆಂಡರ್ ಮತ್ತು ಸಿಆರ್‌ಎಂ ಸಿಂಕ್: ಎರಡು ವರ್ಷ ಬಳಸಿದವರ ಮಾತು

ಮೈಸೂರಿನಲ್ಲಿ ಮನೆ ತಾರಸಿ ಮೇಲೆ ಸೋಲಾರ್ ಪ್ಯಾನೆಲ್, ಬಿಸಿನೀರಿನ ಸೋಲಾರ್ ಹಾಕಿಕೊಡುವುದು ನಮ್ಮ ಕೆಲಸ. ಆಫೀಸು ಕುವೆಂಪುನಗರದಲ್ಲಿ. ಗಿರಾಕಿಗಳು ಬೋಗಾದಿಯಿಂದ ಹಿಡಿದು ಮಂಡ್ಯ, ಮದ್ದೂರಿನ ತನಕ ಇದ್ದಾರೆ. ನಾಲ್ಕೈದು ಹುಡುಗರು ಸೈಟ್ ವಿಸಿಟ್‌ಗೆ ಓಡಾಡುತ್ತಾರೆ, ಆಫೀಸಿನಲ್ಲಿ ಒಬ್ಬರು ಮೇಡಂ ಫೋನ್ ನೋಡಿಕೊಳ್ಳುತ್ತಾರೆ. ಗಿರಾಕಿಗಳ ವಿವರ ಇಡಲು ಒಂದು ಸಿಆರ್‌ಎಂ ಸಾಫ್ಟ್‌ವೇರ್ ತಗೊಂಡು, ಅದನ್ನು ಎಲ್ಲರ ಗೂಗಲ್ ಕ್ಯಾಲೆಂಡರ್‌ಗೂ ಜೋಡಿಸಿದ್ದೇವೆ. ಎರಡು ವರ್ಷ ದಾಟಿತು. ಸಾಫ್ಟ್‌ವೇರ್ ಯಾವುದು ಅಂತ ಬರೆಯುತ್ತಿಲ್ಲ. ನಾನು ಬರೆಯುತ್ತಿರುವುದು ಸಿಂಕ್ ಬಗ್ಗೆ, ಅಂದರೆ ಒಂದು ಕಡೆ ಬರೆದದ್ದು ಇನ್ನೊಂದು ಕಡೆಯೂ ತಾನಾಗಿ ಬರುವ ಜೋಡಣೆ ಬಗ್ಗೆ; ಇದು ಬೇರೆ ಸಿಆರ್‌ಎಂ ಇಟ್ಟುಕೊಂಡವರಿಗೂ ಬಹುಪಾಲು ಹೊಂದುತ್ತದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೊರಗಡೆ ಓಡಾಡುವ ಕೆಲಸ ಇರುವ ವ್ಯಾಪಾರಕ್ಕೆ ಇದು ಬೇಕೇ ಬೇಕು. ಆದರೆ ಹೊಸ ವಿಸಿಟ್ ಅನ್ನು ಎಲ್ಲಿ ಬರೆಯಬೇಕು, ಸಿಆರ್‌ಎಂನಲ್ಲೋ ಕ್ಯಾಲೆಂಡರಿನಲ್ಲೋ, ಅನ್ನುವುದನ್ನು ಆಫೀಸಿನವರೆಲ್ಲ ಸೇರಿ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಅದೊಂದು ಸರಿಯಾದರೆ ಉಳಿದದ್ದೆಲ್ಲ ನಿಭಾಯಿಸಬಹುದು.

ನಮ್ಮ ಕೆಲಸದಲ್ಲಿ ತಾರೀಖುಗಳು ಬಹಳ. 2024ರ ಫೆಬ್ರವರಿಯಲ್ಲಿ ಮನೆ ತಾರಸಿಯ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲಂತೂ ವಿಚಾರಿಸಿ ಫೋನ್ ಮಾಡುವವರು ಜಾಸ್ತಿ ಆದರು. ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕೂ ಮೇಲೆ 78,000 ರೂಪಾಯಿ ಸಬ್ಸಿಡಿ ಇದೆ ಅಂದಾಗ ಯಾರು ವಿಚಾರಿಸುವುದಿಲ್ಲ, ಅಲ್ವಾ? ಆದರೆ ಒಬ್ಬ ಗಿರಾಕಿಯ ಮನೆಗೆ ಒಂದೇ ಸಲ ಹೋಗಿ ಮುಗಿಯುವ ಕೆಲಸ ಇದಲ್ಲ. ಮೊದಲು ತಾರಸಿ ನೋಡಬೇಕು. ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಆಮೇಲೆ ಕೊಟೇಶನ್, ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ, ಸ್ಟ್ರಕ್ಚರ್ ಕೂರಿಸುವುದು, ಪ್ಯಾನೆಲ್ ಕೂರಿಸುವುದು, ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ನೆಟ್ ಮೀಟರ್ (ನಾವು ಬಳಸಿದ ಕರೆಂಟು, ವಾಪಸ್ ಕೊಟ್ಟ ಕರೆಂಟು ಎರಡನ್ನೂ ಅಳೆಯುವ ಮೀಟರ್), ಕೊನೆಗೆ ಸಬ್ಸಿಡಿ. ಪ್ರತಿ ಹಂತಕ್ಕೂ ಒಂದೊಂದು ದಿನ ಗೊತ್ತು ಮಾಡಬೇಕು, ಗಿರಾಕಿ ಮನೆಯಲ್ಲಿ ಇರಬೇಕು, ನಮ್ಮ ಹುಡುಗನೂ ಬಿಡುವಾಗಿರಬೇಕು.

ಸಿಂಕ್ ಇಲ್ಲದಿದ್ದಾಗ ವಿವರ ಸಿಆರ್‌ಎಂನಲ್ಲಿ ಇರುತ್ತಿತ್ತು, ಟೈಮ್ ಡೈರಿಯಲ್ಲಿ ಇರುತ್ತಿತ್ತು, ಬದಲಾದ ಟೈಮ್ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲೋ ಹೂತುಹೋಗಿರುತ್ತಿತ್ತು. ಪಾಂಡವಪುರದ ಕಡೆಯ ಹಿರಿಯರೊಬ್ಬರು ಮಧ್ಯಾಹ್ನ ಫೋನ್ ಮಾಡಿ, "ಏನ್ ಸಾರ್, ಬೆಳಗ್ಗೆ ಬತ್ತೀವಿ ಅಂದಿದ್ರಿ, ಗದ್ದೆ ಕೆಲ್ಸ ಬುಟ್ಟು ಕಾಯ್ತಾ ಕೂತಿವ್ನಿ" ಅಂದರೆ ಏನು ಹೇಳುವುದು? ಒಂದು ದಿನದ ಕೆಲಸ ಬಿಟ್ಟು ಕಾದವರಿಗೆ ಸಾರಿ ಅಂದರೆ ಸಾಲದು.

ಈಗ ಹೇಗಿದೆ ಅಂದರೆ, ಆಫೀಸಿನ ಮೇಡಂ ಗಿರಾಕಿಯ ಪುಟ ತೆಗೆದು ಅಲ್ಲೇ ವಿಸಿಟ್ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಹುಡುಗನ ಫೋನಿನ ಕ್ಯಾಲೆಂಡರಿನಲ್ಲಿ "10:30 ತಾರಸಿ ಸರ್ವೆ, ಪಾಂಡವಪುರ" ಅಂತ ಬಂದು ಕೂರುತ್ತದೆ. ಅದನ್ನು ಒತ್ತಿದರೆ ವಿಳಾಸ, ವಿಳಾಸ ಒತ್ತಿದರೆ ಮ್ಯಾಪ್. ಕೆಳಗೆ ಮೇಡಂ ಬರೆದ ಎರಡು ಸಾಲು: "ಪೂರ್ವಕ್ಕೆ ಪಕ್ಕದ ಮನೆಯ ತೆಂಗಿನಮರದ ನೆರಳು ಬೀಳುತ್ತದಂತೆ, ನೋಡಿ. ತಾರಸಿಗೆ ಮೆಟ್ಟಿಲಿಲ್ಲ, ಏಣಿ ತಗೊಂಡು ಹೋಗಿ." ಹುಡುಗ ದಾರಿಯಲ್ಲಿ ತಡವಾಯಿತು ಅಂತ ಅರ್ಧ ಗಂಟೆ ಮುಂದೆ ಹಾಕಿದರೆ ಸಿಆರ್‌ಎಂನಲ್ಲೂ ಬದಲಾಗುತ್ತದೆ, ಮೇಡಂ ಗಿರಾಕಿಗೆ ಫೋನ್ ಮಾಡಿ ಹೇಳುತ್ತಾರೆ. ಇಷ್ಟು ಸಾಧ್ಯವಾಗಿದ್ದಕ್ಕೇ ನನ್ನ ನಾಲ್ಕು ಸ್ಟಾರ್.

ಇನ್ನು ಕಳೆದುಹೋದ ಒಂದು ಸ್ಟಾರ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಹುಡುಗರು ಬೈಕ್ ನಿಲ್ಲಿಸಿ, ಕೈಯಲ್ಲಿರುವ ಫೋನಿನ ಕ್ಯಾಲೆಂಡರಿನಲ್ಲೇ ಹೊಸ ವಿಸಿಟ್ ಬರೆದುಕೊಳ್ಳುವುದು ಸಹಜ. ಅದು ಸಿಆರ್‌ಎಂಗೆ ಬರುತ್ತದೆ, ಸುಳ್ಳಲ್ಲ. ಆದರೆ ಯಾವ ಗಿರಾಕಿಗೂ ಅಂಟಿಕೊಳ್ಳದೆ ಅನಾಥವಾಗಿ ಬಂದು ಬೀಳುತ್ತದೆ. ಕಾರಣ ಇಷ್ಟೆ: ಸಿಆರ್‌ಎಂ ಸಾಮಾನ್ಯವಾಗಿ ಈವೆಂಟಿಗೆ, ಅಂದರೆ ಕ್ಯಾಲೆಂಡರಿನಲ್ಲಿ ಬರೆದ ಮೀಟಿಂಗಿಗೆ, ಕರೆದಿರುವವರ ಇಮೇಲ್ ವಿಳಾಸ ನೋಡಿ, ಇದು ಇಂಥವರ ಮೀಟಿಂಗು ಅಂತ ಗುರುತು ಹಿಡಿಯುತ್ತದೆ. ಅಮೆರಿಕದಲ್ಲಿ ಕೂತು ಮಾಡಿದವರಿಗೆ ಅದು ಸರಿ, ಅಲ್ಲಿ ಮೀಟಿಂಗು ಅಂದರೆ ಇಮೇಲ್ ಕರೆ ಹೋಗಿಯೇ ಹೋಗುತ್ತದೆ. ನಮ್ಮ ಗಿರಾಕಿಗಳನ್ನು ಇಮೇಲ್ ಕೇಳಿ ನೋಡಿ. "ನನ್ ಮಗನ್ದಿದೆ, ಅವ್ನು ಬೆಂಗ್ಳೂರಲ್ಲಿದಾನೆ" ಅನ್ನುತ್ತಾರೆ. ನಮ್ಮಲ್ಲಿ ಮನುಷ್ಯನ ಗುರುತು ಫೋನ್ ನಂಬರು. ಈವೆಂಟಿನ ಹೆಸರಿನಲ್ಲಿ ನಂಬರ್ ಬರೆದರೂ ನಮ್ಮ ಸಿಆರ್‌ಎಂ ಅದನ್ನು ಓದುವುದಿಲ್ಲ.

ಹಾಗಾಗಿ ನಾವು ಮಾಡಿಕೊಂಡ ಕಟ್ಟುಪಾಡು: ಹೊಸ ವಿಸಿಟ್ ಸಿಆರ್‌ಎಂನಲ್ಲೇ, ಗಿರಾಕಿಯ ಪುಟದಿಂದಲೇ ಶುರುವಾಗಬೇಕು. ಕ್ಯಾಲೆಂಡರಿನಲ್ಲಿ ನೋಡಬಹುದು, ಟೈಮ್ ಬದಲಿಸಬಹುದು, ಹೊಸದಾಗಿ ಹಾಕುವಂತಿಲ್ಲ. ಹುಡುಗರಿಗೆ ಸಿಆರ್‌ಎಂ ಆ್ಯಪ್ ತೆಗೆಯುವುದು ಬೇಜಾರಾದರೆ ಮೇಡಂಗೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಾರೆ, ಅವರು ಹಾಕಿಕೊಡುತ್ತಾರೆ. ಎರಡೂ ಕಡೆಯಿಂದ ಸಿಂಕ್ ಇದೆ ಅಂತ ಎರಡೂ ಕಡೆಯಿಂದ ಬರೆಯುತ್ತಾ ಹೋದರೆ ಒಂದೇ ಕೆರೆಗೆ ಎರಡು ಕಾಲುವೆ ಬಿಟ್ಟು ನೀರು ಯಾವುದರದ್ದು ಅಂತ ಹುಡುಕಿದ ಹಾಗೆ.

ಎರಡನೇ ದೊಡ್ಡ ತಲೆನೋವು ಇಡೀ ದಿನದ ಈವೆಂಟುಗಳದ್ದು. ಆಯುಧಪೂಜೆ ರಜೆ ಹಾಕಿದರೆ ಕ್ಯಾಲೆಂಡರಿನಲ್ಲಿ ಬರೀ ತಾರೀಖು ಇರುತ್ತದೆ, ಗಂಟೆ ಇರುವುದಿಲ್ಲ. ಕೆಲವು ಸಾಫ್ಟ್‌ವೇರ್ ಅದಕ್ಕೊಂದು ಗಂಟೆ ಕೊಟ್ಟು, ಲಂಡನ್ನಿನ ಗ್ರೀನ್‌ವಿಚ್ ಲೆಕ್ಕದ ನಡುರಾತ್ರಿ 12 ಅಂತ ಇಟ್ಟುಕೊಳ್ಳುತ್ತವೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ರಜೆ ಬೆಳಗಿನ ಜಾವ 5:30ಕ್ಕೆ ಶುರುವಾಗುವ ಮೀಟಿಂಗ್ ಥರ ಕಾಣಿಸಿಕೊಂಡು, ಎಲ್ಲರ ಫೋನೂ ಬಡಿದುಕೊಳ್ಳುತ್ತದೆ. ತಿರುಗುಮುರುಗಾದರೆ ಇನ್ನೂ ಕಷ್ಟ. ನಮ್ಮ ನಡುರಾತ್ರಿ ಅವರಿಗೆ ಹಿಂದಿನ ಸಂಜೆ 6:30. ಆಗ ರಜೆ ಒಂದು ದಿನ ಹಿಂದಕ್ಕೇ ಹೋಗಿಬಿಡುತ್ತದೆ. ನಮಗೆ ಎರಡೂ ಆಗಿವೆ. ಸರಿ ಹೋಗಿದ್ದು ಟೈಮ್ ಝೋನ್ ಅನ್ನು ಮೂರು ಕಡೆ ನೋಡಿದ ಮೇಲೆ: ಗೂಗಲ್ ಕ್ಯಾಲೆಂಡರ್ ಸೆಟ್ಟಿಂಗ್, ಸಿಆರ್‌ಎಂನ ಕಂಪನಿ ಸೆಟ್ಟಿಂಗ್, ಮತ್ತು ಪ್ರತಿಯೊಬ್ಬ ಹುಡುಗನ ಸ್ವಂತ ಪ್ರೊಫೈಲ್. ಈ ಮೂರನೆಯದನ್ನು ಸಪೋರ್ಟಿನವರೂ ಮೊದಲು ಹೇಳಲಿಲ್ಲ. ಹೊಸಬರು ಸೇರಿದಾಗಲೆಲ್ಲ ಅಲ್ಲಿ ಕೋಲ್ಕತ್ತ ಅಂತ ಇದೆಯಾ ನೋಡಿ, ಪಟ್ಟಿಯಲ್ಲಿ ಭಾರತದ ಸಮಯಕ್ಕೆ ಇರುವ ಹೆಸರು ಅದೇ.

ಇಡೀ ದಿನದ ಈವೆಂಟಿನ ಬಗ್ಗೆ ಇನ್ನೊಂದು ಮಾತು. ಗೂಗಲ್ ಕ್ಯಾಲೆಂಡರಿನಲ್ಲಿ ಅದನ್ನು ಹಾಕಿದಾಗ ತಾನಾಗಿಯೇ "ಫ್ರೀ" ಅಂತ ಇರುತ್ತದೆ, "ಬ್ಯುಸಿ" ಅಂತ ನಾವೇ ಬದಲಿಸಬೇಕು. ಗಿರಾಕಿಗಳೇ ಲಿಂಕ್ ಒತ್ತಿ ಟೈಮ್ ತಗೊಳ್ಳುವ ಬುಕಿಂಗ್ ಪುಟ ಇಟ್ಟುಕೊಂಡಿದ್ದರೆ ಇದು ಮುಖ್ಯ. ಜಂಬೂಸವಾರಿ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಜನವೋ ಜನ, ಊರೊಳಗೆ ಗಾಡಿ ತಿರುಗಿಸುವುದೇ ಕಷ್ಟ. ಆ ದಿನ "ಫ್ರೀ" ಅಂತ ಉಳಿದರೆ ಬುಕಿಂಗ್ ಪುಟ ಸುಮ್ನೆ ಬೆಳಗ್ಗೆ ಒಂಬತ್ತರಿಂದ ಸಂಜೆಯವರೆಗೂ ಟೈಮ್ ತೋರಿಸುತ್ತಲೇ ಇರುತ್ತದೆ.

ಮೂರನೆಯದು ಮತ್ತೆ ಮತ್ತೆ ಬರುವ ವಿಸಿಟ್. ಬಿಸಿನೀರಿನ ಸೋಲಾರ್‌ಗೆ ಎಎಂಸಿ, ಅಂದರೆ ವರ್ಷದ ಸರ್ವಿಸ್ ಒಪ್ಪಂದ ಇದೆ. ಬೋರ್‌ವೆಲ್ ನೀರು ಗಡುಸಾಗಿರುವ ಕಡೆ ಟ್ಯೂಬಿನೊಳಗೆ ಬಿಳಿ ಪೊರೆ ಕಟ್ಟುತ್ತದೆ, ಆಗಾಗ ಹೋಗಿ ತೆಗೆಯಬೇಕು. ಆರು ತಿಂಗಳಿಗೊಮ್ಮೆ ಅಂತ ಕ್ಯಾಲೆಂಡರಿನಲ್ಲಿ ರಿಪೀಟ್ ಹಾಕಿದರೆ ಆಯಿತಲ್ಲ ಅನಿಸುತ್ತದೆ. ಆದರೆ ಕ್ಯಾಲೆಂಡರ್ ಅದನ್ನು ಒಂದೇ ಈವೆಂಟು, ಜೊತೆಗೊಂದು ನಿಯಮ ಅಂತ ಇಟ್ಟುಕೊಂಡಿರುತ್ತದೆ. ಮಧ್ಯದಲ್ಲಿ ತಾರೀಖು ಬದಲಿಸಿ "ಇದು ಮತ್ತು ಮುಂದಿನವು" ಅಂತ ಒತ್ತಿದರೆ ಗೂಗಲ್ ಹಳೆಯ ಸಾಲನ್ನು ಅಲ್ಲಿಗೇ ಕತ್ತರಿಸಿ, ಹೊಸ ಗುರುತಿನೊಂದಿಗೆ ಇನ್ನೊಂದು ಸಾಲು ಶುರು ಮಾಡುತ್ತದೆ. ಸಿಆರ್‌ಎಂ ಕಣ್ಣಿಗೆ ಅದು ಯಾರೋ ಹೊಸಬರು. ಯಾವ ಮನೆ, ಹೋದ ಸಲ ಏನು ಮಾಡಿದೆವು ಅನ್ನುವ ಟಿಪ್ಪಣಿ ಎಲ್ಲ ಹಳೆಯದರ ಜೊತೆಗೇ ನಿಂತುಬಿಡುತ್ತದೆ. ಈಗ ನಾವು ರಿಪೀಟ್ ಹಾಕುವುದನ್ನೇ ಬಿಟ್ಟಿದ್ದೇವೆ. ಒಂದು ಸರ್ವಿಸ್ ಮುಗಿಯಿತು ಅಂತ ಹುಡುಗ ಸಿಆರ್‌ಎಂನಲ್ಲಿ ಒತ್ತಿದರೆ, ಆವತ್ತಿನಿಂದ ಲೆಕ್ಕ ಹಾಕಿ ಮುಂದಿನದನ್ನು ಸಿಆರ್‌ಎಂ ತಾನೇ ಹಾಕುತ್ತದೆ. ಗಿರಾಕಿಗೂ ಇದೇ ವಾಸಿ. ಒಂದು ಸಲ ತಡವಾದರೆ ಮುಂದಿನದೂ ಅದಕ್ಕೆ ತಕ್ಕ ಹಾಗೆ ಸರಿಯುತ್ತದೆ.

ಸಣ್ಣಪುಟ್ಟ ವಿಷಯಗಳೂ ಇವೆ. ಎಷ್ಟೋ ಸಿಆರ್‌ಎಂಗಳಲ್ಲಿ ಮೀಟಿಂಗ್ ಮಾತ್ರ ಕ್ಯಾಲೆಂಡರಿಗೆ ಹೋಗುತ್ತದೆ, ಟಾಸ್ಕ್ (ಮಾಡಬೇಕಾದ ಕೆಲಸ ಅಂತ ಬರೆದಿಟ್ಟದ್ದು) ಹೋಗುವುದಿಲ್ಲ. ನಮ್ಮ ಕಡೆ "ಆಷಾಢ ಕಳೀಲಿ ಸಾರ್, ಆಮೇಲೆ ಮಾಡ್ಸಣ" ಅನ್ನುವವರು ಬಹಳ ಜನ. ಶ್ರಾವಣದಲ್ಲಿ ಫೋನ್ ಮಾಡಬೇಕು ಅಂತ ಟಾಸ್ಕ್ ಹಾಕಿದರೆ ಅದು ಸಿಆರ್‌ಎಂನಲ್ಲೇ ಮಲಗಿರುತ್ತದೆ. ಅಂಥದ್ದಕ್ಕೆಲ್ಲ ಹದಿನೈದು ನಿಮಿಷದ ಮೀಟಿಂಗ್ ಹಾಕಿಬಿಡಿ, ಕಣ್ಣಿಗೆ ಬೀಳುತ್ತದೆ. ಸಿಆರ್‌ಎಂನದ್ದೇ ಸಿಂಕ್ ಇರುವಾಗ ಅದರ ಮೇಲೆ ಎರಡನ್ನೂ ಜೋಡಿಸುವ ಇನ್ನೊಂದು ಸಾಫ್ಟ್‌ವೇರ್ (ಕನೆಕ್ಟರ್) ಹಾಕಬೇಡಿ, ಒಂದೊಂದು ವಿಸಿಟ್ಟೂ ಎರಡೆರಡಾಗುತ್ತದೆ. ಕ್ಯಾಲೆಂಡರ್ ಲಿಂಕ್ ಕೊಟ್ಟು ಬರೀ ನೋಡುವ ಹಾಗೆ ಜೋಡಿಸುವ ಇನ್ನೊಂದು ದಾರಿ ಇದೆ. ಅದರಲ್ಲಿ ಬದಲಾವಣೆ ಕಾಣಿಸಲು 12 ಗಂಟೆವರೆಗೂ ಹಿಡಿಯಬಹುದು ಅಂತ ಗೂಗಲ್‌ನವರೇ ಹೇಳುತ್ತಾರೆ. ಅವತ್ತಿನ ವಿಸಿಟ್ ಅವತ್ತೇ ಬದಲಾಗುವ ನಮ್ಮಂಥವರಿಗೆ ಅದು ಆಗಿಬರುವುದಿಲ್ಲ. ಇನ್ನು ಕನ್ನಡದಲ್ಲಿ ಬರೆದ ಹೆಸರು, ಟಿಪ್ಪಣಿ ಎರಡೂ ಕಡೆ ಚೆನ್ನಾಗಿಯೇ ಕಾಣುತ್ತವೆ. ವಿಸಿಟ್ ನೆನಪಿಸುವ ಎಸ್ಸೆಮ್ಮೆಸ್ ಕನ್ನಡದಲ್ಲಿ ಕಳಿಸುವುದಾದರೆ ಒಂದಕ್ಕೆ 70 ಅಕ್ಷರ ಅಂತ ನೆನಪಿಡಿ, ಇಂಗ್ಲಿಷಿನಲ್ಲಾದರೆ 160. ನಮ್ಮಲ್ಲಿ ಒತ್ತಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಲೆಕ್ಕ, ಆದ್ದರಿಂದ ಮಾತು ಚುಟುಕಾಗಿರಲಿ. ಆದರೂ ಕನ್ನಡದಲ್ಲೇ ಕಳಿಸಿ. ಓದಿ ತಿಳಿದುಕೊಂಡು ಮನೆಯಲ್ಲಿ ಇರುತ್ತಾರೆ.

ಹುಡುಗರ ಸ್ವಂತ ಕ್ಯಾಲೆಂಡರ್ ಬಗ್ಗೆ ಮಾಲೀಕರೆಲ್ಲ ದಯವಿಟ್ಟು ಯೋಚಿಸಬೇಕು. ಅವರ ಸ್ವಂತ ಗೂಗಲ್ ಖಾತೆಯನ್ನೇ ಜೋಡಿಸಿದರೆ, ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಹೆಣ್ಣು ನೋಡಲು ಹೋಗುವುದು, ಎಲ್ಲ ಆಫೀಸಿನ ಪರದೆ ಮೇಲೆ ಬರಬಹುದು. ಅದು ನಮಗೆ ಬೇಕಾಗಿಲ್ಲ, ನೋಡುವುದು ಸರಿಯೂ ಅಲ್ಲ. ಕೆಲಸಕ್ಕೆ ಬೇರೆ ಖಾತೆ ಮಾಡಿಕೊಟ್ಟು, "ವಿಸಿಟ್" ಅಂತ ಒಂದೇ ಕ್ಯಾಲೆಂಡರ್ ಜೋಡಿಸಿದ್ದೇವೆ. ಹುಡುಗ ಕೆಲಸ ಬಿಟ್ಟರೂ ಗಿರಾಕಿಗಳ ವಿಳಾಸ, ನಂಬರ್ ಅವನ ಫೋನಿನಲ್ಲಿ ಉಳಿಯುವುದಿಲ್ಲ. ಗಿರಾಕಿಗಳು ನಮ್ಮನ್ನು ನಂಬಿ ಕೊಟ್ಟ ವಿವರ ಅದು.

ಸಿಂಕ್ ನಿಂತುಹೋದಾಗ ಸದ್ದಿಲ್ಲದೆ ನಿಲ್ಲುತ್ತದೆ, ಇದೂ ಗೊತ್ತಿರಲಿ. ಮೇಲ್ ಮತ್ತು ಕ್ಯಾಲೆಂಡರ್ ಒಟ್ಟಿಗೆ ಜೋಡಿಸಿದ್ದಾಗ ಗೂಗಲ್ ಪಾಸ್‌ವರ್ಡ್ ಬದಲಿಸಿದರೆ ಸಿಆರ್‌ಎಂಗೆ ಕೊಟ್ಟ ಅನುಮತಿ ರದ್ದಾಗುತ್ತದೆ, ಮತ್ತೆ ಲಾಗಿನ್ ಮಾಡಬೇಕು. ಹಳೆಯ ವಿಸಿಟ್‌ಗಳು ಇದ್ದ ಹಾಗೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ನಮ್ಮ ಮೇಡಂ ಪ್ರತಿ ಸೋಮವಾರ ಬೆಳಿಗ್ಗೆ ಪ್ರತಿಯೊಬ್ಬರ ಹೆಸರಿನ ಮುಂದೆ "ಕೊನೆಯ ಸಿಂಕ್" ಎಷ್ಟು ಹೊತ್ತಿಗೆ ಆಗಿದೆ ಅಂತ ನೋಡುತ್ತಾರೆ. ಎರಡು ನಿಮಿಷದ ಕೆಲಸ.

ನಾನು ಎಣಿಸದೇ ಸಿಕ್ಕ ಲಾಭ ಓಡಾಟದ್ದು. ಎಲ್ಲರ ವಿಸಿಟ್ ಒಂದೇ ವಾರದ ಪುಟದಲ್ಲಿ ಬಣ್ಣ ಬಣ್ಣವಾಗಿ ಕಾಣುವುದರಿಂದ ಗುರುವಾರ ಯಾರು ಮಂಡ್ಯದ ಕಡೆ ಇರುತ್ತಾರೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಶ್ರೀರಂಗಪಟ್ಟಣದಿಂದ ಹೊಸ ಫೋನ್ ಬಂದರೆ ಅದೇ ಹುಡುಗನಿಗೆ ವಾಪಸ್ ಬರುವ ದಾರಿಯಲ್ಲಿ ಹಾಕುತ್ತೇವೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಮೇಲೂ ಅಲ್ಲಿ ಬೈಕಿಗೆ ಪ್ರವೇಶ ಇಲ್ಲ, ಹುಡುಗರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಆದ್ದರಿಂದ ಮೈಸೂರು, ಮಂಡ್ಯ ವಿಸಿಟ್‌ಗಳ ನಡುವೆ ಒಂದೂವರೆ ಗಂಟೆ ಬಿಡುತ್ತೇವೆ. ಆ ಬಿಡುವನ್ನೂ "ಪ್ರಯಾಣ" ಅಂತ ಬ್ಯುಸಿ ಹಾಕಿದರೆ ಮೇಡಂ ಆ ಜಾಗದಲ್ಲಿ ಇನ್ನೊಂದು ವಿಸಿಟ್ ತುರುಕುವುದಿಲ್ಲ.

ಒಬ್ಬರೇ ಕೆಲಸ ಮಾಡುವವರಿಗೆ, ತಿಂಗಳಿಗೆ ನಾಲ್ಕಾರು ಗಿರಾಕಿ ಇರುವವರಿಗೆ ಇದಕ್ಕೆ ದುಡ್ಡು ಹಾಕಿ ಅನ್ನುವುದಿಲ್ಲ. ಬರೀ ಗೂಗಲ್ ಕ್ಯಾಲೆಂಡರ್ ಸಾಕು, ಅದು ಪುಕ್ಕಟೆ. ಮೂರನೇ ಮನುಷ್ಯ ಸೇರಿದ ಮೇಲೆ ನೋಡಿ. ತಗೊಳ್ಳುವ ಮುಂಚೆ ಉಚಿತ ಟ್ರಯಲ್ ಇರುವಾಗಲೇ ಒಂದು ಇಡೀ ದಿನದ ರಜೆ ಹಾಕಿ, ಒಂದು ವಿಸಿಟ್ ಅನ್ನು ಫೋನಿನಲ್ಲಿ ಬದಲಿಸಿ, ಇನ್ನೊಂದನ್ನು ಅಳಿಸಿ ನೋಡಿ. ಅಳಿಸಿದ್ದು ಸಿಆರ್‌ಎಂನಲ್ಲೂ ಹೋಗುತ್ತದಾ ಉಳಿಯುತ್ತದಾ ಅನ್ನುವುದು ಒಂದೊಂದರಲ್ಲಿ ಒಂದೊಂದು ಥರ.

ನಾವು ಈ ವರ್ಷಕ್ಕೂ ಚಂದಾ ಕಟ್ಟಿದ್ದೇವೆ. ಇಮೇಲ್ ಇಲ್ಲದ ಗಿರಾಕಿಯನ್ನು ಫೋನ್ ನಂಬರಿನಿಂದಲೇ ಗುರುತು ಹಿಡಿಯುವ ಹಾಗೆ ಮಾಡಿಕೊಡಿ ಅಂತ ಕಂಪನಿಗೆ ಬರೆದು ಕೇಳಿದ್ದೇನೆ. ನೀವೂ ಸಿಆರ್‌ಎಂ ಬಳಸುತ್ತಿದ್ದರೆ ನಿಮ್ಮ ಕಂಪನಿಯವರಿಗೆ ಇದನ್ನೇ ಬರೆಯಿರಿ. ಕೇಳುವವರು ಹೆಚ್ಚಾದರೆ ಮಾಡಿಯಾರು, ಆಗ ಐದನೇ ಸ್ಟಾರ್ ಕೊಡುತ್ತೇನೆ.