ಕ್ಲೋನ್ ಭಯ ಇದ್ದವರಿಗೆ ಯಾವ ಚೀಸ್?

ಮಾಟುಂಗದ ಓದುಗರೊಬ್ಬರು ಕೇಳಿದ್ದಾರೆ: ಕ್ಲೋನ್ ಮಾಡಿದ (ಒಂದು ಪ್ರಾಣಿಯ ಜೀವಕೋಶದಿಂದ ಅದರದೇ ಪಡಿಯಚ್ಚಾಗಿ ಹುಟ್ಟಿಸಿದ) ಹಸುವಿನ ಹಾಲು ಬೇಡ ಅಂದ್ರೆ ಅಮೆರಿಕದ ಚೀಸ್ ತರಲಾ, ಯುರೋಪಿನದಾ, ನಮ್ಮದೇ ಸಾಕಾ?

ಆರೋಗ್ಯದ ಲೆಕ್ಕದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಕ್ಲೋನ್ ದನ, ಹಂದಿ, ಮೇಕೆಗಳ ಆಹಾರ ಮಾಮೂಲಿಯಷ್ಟೇ ಸುರಕ್ಷಿತ ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಹೇಳಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಗೂ ಅದೇ ವರ್ಷ ದನ, ಹಂದಿಗಳಲ್ಲಿ ಅಪಾಯದ ಸುಳಿವು ಸಿಗಲಿಲ್ಲ. ಅದರ ಚಿಂತೆ ಆ ಪ್ರಾಣಿಗಳ ಆರೋಗ್ಯದ್ದೇ. ಕೆಲವು ಕ್ಲೋನ್ ಕರುಗಳು ವಿಪರೀತ ದೊಡ್ಡದಾಗಿ ಹುಟ್ಟುತ್ತವೆ, ಬೇಗ ಸಾಯುತ್ತವೆ.

ನಿಜವಾದ ಅಂತರ ಕಾನೂನಿನಲ್ಲಿದೆ. ಅಮೆರಿಕದಲ್ಲಿ ಪ್ರತ್ಯೇಕ ಲೇಬಲ್ ಕಡ್ಡಾಯವಲ್ಲ. ಯುರೋಪಿನಲ್ಲಿ ಮಾರುವ ಮೊದಲೇ ಅನುಮತಿ ಬೇಕು, ಆದರೆ ಕ್ಲೋನ್‌ಗೆ ಹುಟ್ಟಿದ ಕರುಗಳಿಗೆ ಆ ನಿಯಮ ಇಲ್ಲ. ಅಲ್ಲೇ ಇದೆ ನೋಡಿ ಕಿಂಡಿ! ಕ್ಲೋನ್ ದುಬಾರಿ ಪ್ರಾಣಿ. ಅದನ್ನು ಸಾಕುವುದು ಮುಖ್ಯವಾಗಿ ತಳಿಗಾಗಿ, ಹಾಲಿಗಲ್ಲ. ಹಾಗಾಗಿ ಹಾಲು ಬಂದರೂ ಹೆಚ್ಚಾಗಿ ಅದರ ಸಂತತಿಯದ್ದೇ.

ನಮ್ಮಲ್ಲೂ ಕರ್ನಾಲದ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ 2009ರಲ್ಲಿ ಎಮ್ಮೆಯನ್ನು ಕ್ಲೋನ್ ಮಾಡಿತು, 2023ರಲ್ಲಿ ಗಿರ್ ಹಸುವನ್ನು. ಅವು ಸಂಶೋಧನೆಯ ಪ್ರಾಣಿಗಳು, ಗೋರೆಗಾಂವ್ ತಬೇಲಾದ ಎಮ್ಮೆಗಳಲ್ಲ.

ಬೆಲೆ? ಕ್ರಾಫರ್ಡ್ ಮಾರ್ಕೆಟ್‌ನ ವಿದೇಶಿ ಚೀಸ್ ಜೇಬಿಗೆ ಭಾರ. ದಿನದ ಸ್ಯಾಂಡ್‌ವಿಚ್‌ಗೆ ಸ್ಥಳೀಯ ಚೀಸ್ ಸಾಕು, ಸುಮ್ನೆ ಯಾಕೆ ಖರ್ಚು? ಕಾನೂನಿನ ಭರವಸೆಯೂ ಬೇಕು, ರುಚಿಯೂ ಬೇಕು ಅನ್ನುವವರಿಗೆ ಯುರೋಪಿನದು. ಸಸ್ಯಾಹಾರಿಗಳು ಮಾತ್ರ ಹಸಿರು ಗುರುತು ನೋಡಿಕೊಳ್ಳಿ. ಪಾರ್ಮೆಸಾನ್‌ನಂಥ ಚೀಸ್‌ಗೆ ಹಾಲನ್ನು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಪದಾರ್ಥ ಹಾಕುತ್ತಾರೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಅಲ್ಲಿನ ಆರ್ಗ್ಯಾನಿಕ್ ಗುರುತಿನದು ಕೊಳ್ಳಿ. ಆ ನಿಯಮದಲ್ಲಿ ಕ್ಲೋನ್ ಪ್ರಾಣಿಗೆ ಜಾಗವಿಲ್ಲ.