ಥ್ರೆಡ್ ರಿಪೇರಿ ಕಿಟ್: ಹಳೇ ಟ್ರ್ಯಾಕ್ಟರ್ ಬಿಚ್ಚೋರ ಹತ್ರ ಇರ್ಲೇಬೇಕು, ಡ್ರಿಲ್ ಬಿಟ್ ಮಾತ್ರ ಬೇರೆ ತಗೊಳ್ಳಿ

ಚಳಿಗಾಲದಲ್ಲಿ ಹೊಲದ ಕೆಲಸ ಇಲ್ದಾಗ ಹಳೇ ಟ್ರ್ಯಾಕ್ಟರು, ಟಿಲ್ಲರು, ಪಂಪು ಎಲ್ಲಾ ಶೆಡ್ಡಿಗೆ ತಂದು ಬಿಚ್ಚಿ ಹಾಕೋರು ಇದನ್ನ ಓದಿ. ಬೇರಿಂಗು, ಆಯಿಲ್ ಸೀಲು ಹೇಗೋ ಸಿಗುತ್ತೆ, ಗ್ಯಾಸ್ಕೆಟ್ ಬೇಕಾದ್ರೆ ಶೀಟ್ ತಂದು ಕತ್ತರಿಸ್ಕೋಬಹುದು, ಆದ್ರೆ ಅಲ್ಯೂಮಿನಿಯಂ ಗೇರ್ ಕೇಸಲ್ಲಿ ಒಂದೇ ಒಂದು ತೂತಿನ ಥ್ರೆಡ್ (ಬೋಲ್ಟ್ ಕಚ್ಕೊಳ್ಳೋ ಸುರುಳಿ ಗೆರೆ) ಹೋದ್ರೂ ಬೋಲ್ಟ್ ಟೈಟ್ ಆಗಲ್ಲ, ಆಯಿಲ್ ಸೋರ್ತಾನೇ ಇರುತ್ತೆ, ಅಷ್ಟು ಹಳೇ ಮಾಡೆಲ್‌ಗೆ ಹೊಸ ಕೇಸ್ ಎಲ್ಲಿಂದ ತರೋದು ಹೇಳಿ.

ಅಂಥ ತೂತಿಗೆ ಹೊಸ ಥ್ರೆಡ್ ಕೂರಿಸೋಕೇ ಈ ಕಿಟ್. ಇದ್ರಲ್ಲಿ ಬರೋದು ಒಂದು ಡ್ರಿಲ್ ಬಿಟ್ಟು, ತೂತಿನೊಳಗೆ ಥ್ರೆಡ್ ಕೊರೆಯೋ ಒಂದು ಟ್ಯಾಪು, ಸ್ಪ್ರಿಂಗ್ ತರ ಸುತ್ತಿರೋ ಸ್ಟೇನ್‌ಲೆಸ್ ಇನ್ಸರ್ಟುಗಳು, ಅವನ್ನ ಒಳಗೆ ಕೂರಿಸೋ ಟೂಲು, ಅಷ್ಟೇ. ಎಂ8, ಅಂದ್ರೆ 8 ಎಂಎಂ ದಪ್ಪದ ಬೋಲ್ಟ್ ಆದ್ರೆ ಹಾಳಾದ ತೂತನ್ನ 8.3 ಎಂಎಂಗೆ ಕೊರೆದು, ಕಿಟ್‌ದೇ ಟ್ಯಾಪ್ ಹೊಡೆದು, ಇನ್ಸರ್ಟ್ ತಿರುಗಿಸಿ ಇಳಿಸಿದ್ರೆ ಮತ್ತೆ ಅದೇ ಎಂ8 ಬೋಲ್ಟು ಕೂರುತ್ತೆ. ಅಲ್ಯೂಮಿನಿಯಂನಲ್ಲಂತೂ ಮೊದಲಿಗಿಂತ ಗಟ್ಟಿ ಆಗುತ್ತೆ ಯಾಕಂದ್ರೆ ಕೇಸಿನ ಕಡೆ ಥ್ರೆಡ್ ದೊಡ್ಡದಾಯ್ತು, ಬೋಲ್ಟು ಉಜ್ಜೋದು ಸ್ಟೀಲ್ ಮೇಲೆ, ಇನ್ಮೇಲೆ ಎಷ್ಟು ಸಲ ಬಿಚ್ಚಿ ಹಾಕಿದ್ರೂ ಮೆತ್ತನೆ ಅಲ್ಯೂಮಿನಿಯಂ ಸವೆಯಲ್ಲ.

ಹಳೇ ಮಷೀನಲ್ಲಿ ಥ್ರೆಡ್ ಹಾಳಾಗೋಕೆ ನಾನು ಕಂಡಂಗೆ ದೊಡ್ಡ ಕಾರಣ ಒಂದಿದೆ, ಇಂಚಿನ ತೂತಿಗೆ ಎಂಎಂ ಬೋಲ್ಟ್ ಹಾಕೋದು. 5/16 ಇಂಚು ಅಂದ್ರೆ 7.94 ಎಂಎಂ, ನೋಡೋಕೆ ಎಂ8 ಥರಾನೇ ಇರುತ್ತೆ, ಎಂ8 ಬೋಲ್ಟ್ ಎರಡು ಸುತ್ತು ಹೋಗಿ ಹಿಡ್ಕೊಳುತ್ತೆ, ಆಮೇಲೆ ಯಾರೋ ಸ್ಪ್ಯಾನರ್‌ಗೆ ಪೈಪ್ ಹಾಕಿ ಎಳೀತಾರೆ, ಕಥೆ ಮುಗೀತು. ಇಂಚಿಗೆ 18 ಥ್ರೆಡ್ ಇರೋ ಆ ತೂತಲ್ಲಿ ಎಂ8ರ 1.25 ಎಂಎಂ ಪಿಚ್ (ಥ್ರೆಡ್‌ನಿಂದ ಥ್ರೆಡ್‌ಗೆ ಇರೋ ಅಂತರ) ಹೇಗೆ ಕೂರುತ್ತೆ? ಅದಕ್ಕೇ ಥ್ರೆಡ್ ಗೇಜ್ ಇಟ್ಟು ನೋಡದೆ ಯಾವ ಸೈಜಿನ ಕಿಟ್ ಅಂತ ಡಿಸೈಡ್ ಮಾಡ್ಲೇಬೇಡಿ.

ಕೆಲಸ ಮಾಡೋವಾಗ ಡ್ರಿಲ್ ನೆಟ್ಟಗೆ ಇಳೀಬೇಕು, ಆಗೋದಾದ್ರೆ ಕೇಸನ್ನೇ ತಂದು ಡ್ರಿಲ್ ಪ್ರೆಸ್‌ಗೆ ಕಟ್ಟಿ. ಟ್ಯಾಪಿಗೆ ಅಲ್ಯೂಮಿನಿಯಂ ಆದ್ರೆ ಸೀಮೆಎಣ್ಣೆ ಸಾಕು, ಬೀಡಾದ್ರೆ (ಎರಕದ ಕಬ್ಬಿಣ) ಒಣಗೇ ಹೊಡೀಬಹುದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಚೂರು ಮುರಿದು ಬರ್ತಾ ಇರೋದು ಕೈಗೇ ಗೊತ್ತಾಗುತ್ತೆ. ಇನ್ಸರ್ಟ್ ಮೇಲ್ಮಟ್ಟಕ್ಕಿಂತ ಕಾಲಿಂದ ಅರ್ಧ ಸುತ್ತು ಕೆಳಗೆ ನಿಲ್ಲಬೇಕು, ಇಲ್ಲಾಂದ್ರೆ ಗ್ಯಾಸ್ಕೆಟ್ ಎತ್ತುತ್ತೆ. ಕೊನೇಲಿ ಇನ್ಸರ್ಟಿನ ತಳದಲ್ಲಿ ಟೂಲ್ ಹಿಡ್ಕೊಳ್ಳೋಕೆ ಇರೋ ಅಡ್ಡ ಕಡ್ಡೀನ ಪಂಚ್ ಇಟ್ಟು ಒಂದೇ ಏಟಿಗೆ ಮುರೀಬೇಕು, ತೂತು ಗೇರ್ ಬಾಕ್ಸ್ ಒಳಗೇ ತೆರ್ಕೊಂಡಿದ್ರೆ ಮೊದಲೇ ಕೆಳಗೆ ಗ್ರೀಸ್ ಸವರಿದ ಬಟ್ಟೆ ಇಡಿ. ಸ್ಟೇನ್‌ಲೆಸ್ ಅಲ್ವಾ, ಮ್ಯಾಗ್ನೆಟ್‌ಗೆ ಸರಿಯಾಗಿ ಅಂಟಲ್ಲ, ಒಳಗೆ ಬಿದ್ರೆ ಹುಡುಕೋದು ಬಹಳ ಕಷ್ಟ.

ಈಗ ಕೊರತೆ. ನಾನು ತಗೊಂಡ ಸೆಟ್ಟಿನ ಟ್ಯಾಪು, ಇನ್ಸರ್ಟು ಚೆನ್ನಾಗಿವೆ, ಡ್ರಿಲ್ ಬಿಟ್ ಮಾತ್ರ ತೀರಾ ಕಳಪೆ, ಬೀಡಿನ ಒಂದು ಹೌಸಿಂಗ್‌ಗೇ ಮೊನೆ ಹೋಯ್ತು. ಒಳ್ಳೇ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಅದೇ ಸೈಜಲ್ಲಿ ತಂದ್ಮೇಲೇನೇ ತೂತು ಕ್ಲೀನಾಗಿ ಬಂದಿದ್ದು. ಇನ್ಸರ್ಟೂ ಒಂದೇ ಉದ್ದದ್ದು ಕೊಟ್ಟಿದಾರೆ, ಅಲ್ಯೂಮಿನಿಯಂಗೆ ಬೋಲ್ಟ್ ದಪ್ಪದ ಒಂದೂವರೆ ಪಟ್ಟು ಉದ್ದ ಇರೋದೇ ಹಾಕಿ, ಅಂದ್ರೆ ಎಂ8ಗೆ 12 ಎಂಎಂ. ತೂತಿನ ಸುತ್ತ ಗೋಡೆ ತೆಳ್ಳಗಿದ್ರೆ ಅಥವಾ ಬೋಲ್ಟ್ ಕೂರೋ ಕಿವಿಯೇ ಸೀಳಿದ್ರೆ ಈ ಕಿಟ್ಟಿಂದ ಏನೂ ಆಗಲ್ಲ, ವೆಲ್ಡಿಂಗ್‌ಗೇ ಕೊಡಬೇಕು.

ಐದಕ್ಕೆ ನಾಲ್ಕು ಸ್ಟಾರ್. ಹತ್ತಾರು ಸೈಜ್ ಇರೋ ದೊಡ್ಡ ಡಬ್ಬಿ ತಗೊಳ್ಳೋ ಬದಲು ನಿಮ್ಮ ಮಷೀನಲ್ಲಿ ಜಾಸ್ತಿ ಇರೋ ಎರಡು ಸೈಜಿನ ಕಿಟ್ ಬಿಡಿಯಾಗಿ ತಗೊಳ್ಳಿ, ಉಳಿದ ದುಡ್ಡಲ್ಲಿ ಒಳ್ಳೇ ಬಿಟ್ಟು, ಎಕ್ಸ್ಟ್ರಾ ಇನ್ಸರ್ಟು ಬರುತ್ತೆ.