ಹೊಲದ ಬದುವಿಗೆ ಬೇವೋ, ಕಮರವೋ?

ಕೊಪ್ಪಳ ಕಡೆ ಬೀಜದಿಂದಲೇ ಮರ ಬೆಳೆಸೋದಾದರೆ ಬೇವು, ಕಮರ (ಹಾರ್ಡ್‌ವಿಕಿಯಾ ಬಿನಾಟಾ ಅನ್ನೋ ಮರ) ಎರಡೂ ಸೈ. ಬೀಜದ ಸ್ವಭಾವ ಮಾತ್ರ ಬೇರೆ.

ಬೇವಿನ ಬೀಜಕ್ಕೆ ಆಯುಷ್ಯ ಕಮ್ಮಿ. ಹಳದಿ ತಿರುಗಿದ ಹಣ್ಣು ಆಯ್ದು, ಲೋಳೆ ಹೋಗುವಂತೆ ತಿಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ, ಎರಡು ವಾರದೊಳಗೆ ಊರಿಬಿಡಿ. ಹೋದ ವರ್ಷದ ಬೀಜ ಹಾಕಿದರೆ ಸುಮ್ನೆ ದಂಡ. ಚೀಲದಲ್ಲಿ ಸಸಿ ಮಾಡಿ ನೆಟ್ಟರೂ ನಡೆಯುತ್ತದೆ.

ಕಮರದ್ದು ಹಾಗಲ್ಲ. ರೆಕ್ಕೆಯಂಥ ತೆಳು ಕಾಯಿ, ತುದಿಯಲ್ಲಿ ಒಂದೇ ಬೀಜ, ಬೇಸಿಗೆಯಲ್ಲೇ ಉದುರುತ್ತದೆ. ಮೊಳಕೆ ಒಡೆದದ್ದೇ ತಾಯಿಬೇರು ಸೀದಾ ಕೆಳಗಿಳಿಯುತ್ತದೆ, ಮೇಲೆ ಗಿಡ ಮಾತ್ರ ಬಹಳ ನಿಧಾನ. ಚೀಲದಲ್ಲಿ ಆ ಬೇರು ಸುತ್ತಿಕೊಳ್ಳುತ್ತದೆ. ಅದಕ್ಕೇ ಮೊದಲ ಮಳೆಗೆ ಗುಂಡಿಯಲ್ಲೇ ಬೀಜ ಹಾಕಿ. ಎಲೆ ದನಗಳಿಗೆ ಮೇವು, ಹಾಗಾಗಿ ಮುಳ್ಳುಬೇಲಿ ಬೇಕೇ ಬೇಕು.

ಗರಸು (ಸಣ್ಣ ಕಲ್ಲು ಬೆರೆತ) ನೆಲ, ಕಾಯುವ ತಾಳ್ಮೆ ಎರಡೂ ಇದ್ದರೆ ನನ್ನ ಮತ ಕಮರಕ್ಕೆ. ಬೇಗ ನೆರಳು ಬೇಕಾದರೆ ಬೇವು. ನೀರು ನಿಲ್ಲುವ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಎರಡೂ ಬೇಡ.